ಸತ್ತಾಕಿ ಎದ್ದು ನಿಂತಳು

ಸ್ನೇಹಿತರೇ, ಇವತ್ತು ಮಧ್ಯಾಹ್ನ ಆದವಾನಿಯೊಳಗ ನಾನು ರಂಗದ ಮ್ಯಾಲ ಹೆಣವಾಗಿ ಮಲಗಿದ್ದೆ. ನಾಟಕ ನಮ್ಮ ವಿರೂಪಾಕ್ಷಣ್ಣಂದು. ಹತ್ತಿ ವ್ಯಾಪಾರಿ ಆದ್ರೂ ತಾನಽ ಬರದಾನ, ತಾನಽ ನಾಯಕ. ಪ್ರೇಯಸಿಯ ಹೆಣದ ಮುಂದ ಕುಂತು, ಆಕಿ ಹೆಂಗ ಸತ್ತಳು ಅಂತ ಬಂದವರಿಗೆಲ್ಲ ಕಥಿ ಹೇಳ್ತಾನ. ಒಬ್ಬರಿಗೆ ಹಾವು ಕಡೀತು ಅಂತಾನ, ಇನ್ನೊಬ್ಬರಿಗೆ ತುಂಗಭದ್ರಾದಾಗ ಮುಳುಗಿದಳು ಅಂತಾನ. ಜನ ಬಿದ್ದು ಬಿದ್ದು ನಗ್ತಿದ್ರು.

"ನಾಗಲದಿನ್ನಿ ಊರಿನ ಪಾರ್ವತಿ, ನನ್ನ ಬಿಟ್ಟು ಹೊಳಿ ಪಾಲಾದೆಲ್ಲ!" ಅಂತ ಅಣ್ಣ ಎದಿ ಬಡ್ಕೊಂಡ.

ಜನರ ನಡುವಿಂದ ಐವತ್ತು ದಾಟಿದ ಹೆಂಗಸೊಬ್ಬಳು ಎದ್ದು ನಿಂತಳು. "ಏ ವಿರೂಪಾಕ್ಷಿ, ನಾ ಎಲ್ಲಿ ಸತ್ತೀನಿ? ಗೋನೆಗಂಡ್ಲ ಊರಿಗೆ ಮದುವಿಯಾಗಿ ಹೋಗೀನಿ. ಓಡಿ ಹೋಗೂಣು ಅಂತ ಬಸ್ ಸ್ಟ್ಯಾಂಡಿಗೆ ಕರದು ನೀನಽ ಬರಲಿಲ್ಲ. ಆ ಕಥಿ ಚೆಪ್ಪು, ಹೇಳು!"

ಇದೂ ನಾಟಕ ಅಂತ ಜನ ಚಪ್ಪಾಳಿ ಹೊಡದ್ರು. ಅಣ್ಣ ರಂಗದ ಅಂಚಿಗೆ ಬಂದ. "ನಮ್ಮಪ್ಪಗ ಅಂಜಿದೆ, ಪಾರ್ವತಿ," ಅಂದ ಮೆಲ್ಲಕ. ನಗು ತಡೀಲಿಕ್ಕೆ ತುಟಿ ಕಚ್ಚಿದ್ದ ಹೆಣ, ಅಂದ್ರ ನಾನು, ಕಣ್ಣು ತೆರೆದು ನೋಡೇಬಿಟ್ಟೆ.

"ಇಷ್ಟು ಹೇಳಲಿಕ್ಕೆ ಇಷ್ಟು ವರ್ಷ ಬೇಕಾತೇನು?" ಅಂತ ನಕ್ಕು ಆಕಿ ಕುಂತಳು. ನಾಟಕ ಮುಗಿಯೋ ತನಕ ಎದ್ದು ಹೋಗಲಿಲ್ಲ.

ಪರದೆ ಬಿದ್ದ ಮ್ಯಾಲ ಅಣ್ಣ ಮುಖದ ಬಣ್ಣ ಒರಸ್ಕೊಂತ ನನಗ ಹೇಳಿದ: "ಕಥಿ ತಿದ್ದೀನಿ. ನಾಳಿ ಆಟದಾಗ ನಾನಽ ಸಾಯ್ತೀನಿ, ನೀ ಅಳಬೇಕು."

ಹೆಣವಾಗಿ ಸುಖವಾಗಿದ್ದೆ ಗೆಳೆಯರೇ. ಈ ಅಂಜುಬುರುಕನ ಸಲುವಾಗಿ ಅಳು ಎಲ್ಲಿಂದ ತರಲಿ?