ಬಂಗಾರದ ಹಲ್ಲಿಗೆ ಹಚ್ಚಿದ ಕುಂಕುಮ

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡುತ್ತ ಬಂದೆ. ಮೊದಲು ನೌಕರಿ ಮುಗಿಯಲಿ ಎಂದುಕೊಂಡೆ. ಅದು ಮುಗಿದ ಮೇಲೆ ಕಣ್ಣಿನ ಆಪರೇಷನ್ ಒಂದು ಆಗಿಬಿಡಲಿ ಎಂದುಕೊಂಡೆ. ಅದೂ ಆಯಿತು. ಈಗ ಅಕ್ಷರಗಳು ಮೊದಲಿಗಿಂತ ಚೆನ್ನಾಗಿ ಕಾಣುತ್ತವೆ. ಇನ್ನು ನೆಪ ಉಳಿದಿಲ್ಲ.

ನಾನು ಓದಿದ್ದು ಮ್ಯಾಟ್ರಿಕ್‌ವರೆಗೆ. ಕಲಬುರಗಿಯ ಸೇಡಂ ರಸ್ತೆಯ ಕಡೆ ತೊಗರಿ ಬೇಳೆಯ ಮೇಲೆ ಪ್ರಯೋಗ ನಡೆಸುವ ಒಂದು ಸಣ್ಣ ಲ್ಯಾಬಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ನಮ್ಮ ಸೀಮೆಯಲ್ಲಿ ತೊಗರಿ ಬೆಳೆಯದವರಿಲ್ಲ, ದಾಲ್ ಮಿಲ್ಲಿನ ಸದ್ದು ಕೇಳದವರಿಲ್ಲ. ಆದರೆ ಕಾಳು ರೋಲರ್ ನಡುವೆ ಸಿಕ್ಕಾಗ ಒಂದು ಅಚ್ಚುಕಟ್ಟಾಗಿ ಎರಡು ಬೇಳೆಯಾಗುತ್ತದೆ, ಪಕ್ಕದ್ದು ನುಚ್ಚಾಗುತ್ತದೆ. ಯಾಕೆ ಎಂದು ಕಣ್ಣಿಗೆ ಕಾಣುವುದಿಲ್ಲ. ರೆಪ್ಪೆ ಬಡಿಯುವುದರೊಳಗೆ ಎಲ್ಲ ಮುಗಿದಿರುತ್ತದೆ. ಅದನ್ನು ನೋಡಲೆಂದೇ ನಮ್ಮ ಸಾಹೇಬರು ಹೊರದೇಶದಿಂದ ಒಂದು ಕ್ಯಾಮೆರಾ ತರಿಸಿದರು. ಅದು ಎಷ್ಟು ಬೇಗ ಚಿತ್ರ ತೆಗೆಯುತ್ತಿತ್ತೆಂದರೆ, ಒಂದು ಕಾಳು ಒಡೆಯುವುದನ್ನು ನಿಧಾನಕ್ಕೆ, ರೊಟ್ಟಿ ಮುರಿದಂತೆ ನೋಡಬಹುದಿತ್ತು.

ಕ್ಯಾಮೆರಾ ಒಂದೇ ಬಂದರೆ ಸಾಲದು. ಅದು ಎಸೆಯುವ ಚಿತ್ರಗಳನ್ನು ಕಂಪ್ಯೂಟರು ಹಿಡಿದುಕೊಳ್ಳಬೇಕು. ಅದಕ್ಕೊಂದು ಕಾರ್ಡ್ ಬೇಕು. ಜೊತೆಗೆ ಬಂದ ಪುಸ್ತಕದಲ್ಲಿ ಅದಕ್ಕೆ ಫ್ರೇಮ್ ಗ್ರ್ಯಾಬರ್ ಎಂದಿತ್ತು. ನಮ್ಮ ಬಾಯಲ್ಲಿ ಅದು ಬರೀ ಕಾರ್ಡ್. ಅಂಗೈಗಿಂತ ಸ್ವಲ್ಪ ಉದ್ದದ ಹಸಿರು ಹಲಗೆ, ಕೆಳಗಿನ ಅಂಚಿಗೆ ಸಾಲಾಗಿ ಬಂಗಾರದ ಹಲ್ಲುಗಳು. ಆ ಹಲ್ಲುಗಳು ಕಂಪ್ಯೂಟರಿನೊಳಗಿನ ಉದ್ದ ಸೀಳಿನಲ್ಲಿ ಗಟ್ಟಿಯಾಗಿ ಕೂತರೆ ಮಾತ್ರ ಚಿತ್ರ ಬರುತ್ತದೆ.

ಆ ಹೊತ್ತಿಗೆ ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಕಂಪ್ಯೂಟರ್ ಕೆಲಸಕ್ಕೆಂದು ಒಬ್ಬ ಹುಡುಗಿಯನ್ನು ತಾತ್ಪೂರ್ತಿಕ ನೌಕರಿಗೆ ತೆಗೆದುಕೊಂಡಿದ್ದರು. ಕಮಲಾಪುರದವಳು. ಅವಳ ತಾಯಿ ಅಲ್ಲಿ ಬಾಳೆತೋಟದಲ್ಲಿ ಕೂಲಿ ಮಾಡಿ ಮಗಳನ್ನು ಓದಿಸಿದ್ದಳು. ಅವರ ಮನೆಯಲ್ಲಿ ಪೂಜೆಗೆ ಬುದ್ಧನ ಪಟ. ನಮ್ಮ ಶಹಾಬಜಾರದ ಓಣಿಯಲ್ಲಿ ಅಂಥವರನ್ನು ಪಡಸಾಲೆಯ ಆಚೆಗೇ ಮಾತಾಡಿಸಿ ಕಳಿಸುತ್ತಿದ್ದರು. ನಾನೂ ಆ ಓಣಿಯ ಅನ್ನ ಉಂಡವನೇ. ಹುಡುಗಿ ನನ್ನನ್ನು ಕಾಕಾ ಎಂದು ಕರೆಯುತ್ತಿದ್ದಳು. ಸಾಹೇಬರು ಅವಳಿಗೆ ಮಾತು ಕೊಟ್ಟಿದ್ದರು: ಕಾರ್ಡ್ ಚೆನ್ನಾಗಿ ಕೂತರೆ ಆ ಕ್ಯಾಮೆರಾ ನಡೆಸುವ ಕೆಲಸ ನಿನ್ನದೇ ಎಂದು. ಅವಳಿಗೆ ಬೇಕಾಗಿದ್ದುದು ಅದೊಂದೇ. ಪುಸ್ತಕವನ್ನು ಮನೆಗೊಯ್ದು, ಬಸ್ಸಿನಲ್ಲಿ ಕೂತು, ಡಿಕ್ಷನರಿ ಹಿಡಿದು ಓದಿಕೊಂಡು ಬರುತ್ತಿದ್ದಳು.

ಕಾರ್ಡ್ ಕೂರಿಸುವ ದಿನ ಬಂತು. ಹುಡುಗಿ ಹೊಸ ನೀಲಿ ಸೀರೆ ಉಟ್ಟು ಬಂದಿದ್ದಳು. ಪುಸ್ತಕ ಅವಳ ಕೈಯಲ್ಲಿ, ಸ್ಕ್ರೂ ಡ್ರೈವರ್ ನನ್ನ ಕೈಯಲ್ಲಿ. ಸಾಹೇಬರು ಪಕ್ಕದ ಕೋಣೆಯಲ್ಲಿ ಫೋನಿನ ಮೇಲಿದ್ದರು.

“ಕಾಕಾ, ಮೊದಲ ಕಂಪ್ಯೂಟರಿನ ಕಬ್ಬಿಣದ ಡಬ್ಬಿ ಮುಟ್ಟ್ರಿ. ಮೈಯಾಗಿನ ಕರೆಂಟ್ ಇಳೀಬೇಕಂತ” ಎಂದಳು.

“ನನ್ನ ಮೈಯಾಗ ಕರೆಂಟ್ ಇದ್ದಿದ್ರ ಮನಿ ಬಿಲ್ ಯಾಕ ಕಟ್ತಿದ್ನವ್ವಾ” ಎಂದೆ.

ಅವಳು ನಕ್ಕಳು. ತಾನೂ ಡಬ್ಬಿ ಮುಟ್ಟಿ, ಬೆಳ್ಳಿ ಬಣ್ಣದ ಚೀಲದಿಂದ ಕಾರ್ಡನ್ನು ಎರಡು ಅಂಚು ಹಿಡಿದು ತೆಗೆದು ನನಗೆ ಕೊಟ್ಟಳು. “ಬಂಗಾರದ ಹಲ್ಲಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ.”

ಅಷ್ಟರಲ್ಲಿ ಜವಾನ ಬಾಗಿಲಲ್ಲಿ ಇಣುಕಿ, “ತಂಗಿ, ನಿಮ್ಮವ್ವ ಬಂದಾಳ, ಗೇಟಿನ್ಯಾಗ ನಿಂತಾಳ” ಎಂದ. ಅವಳು ಓಡಿದಳು.

ನನ್ನ ಅಪ್ಪ ಊರೂರು ತಿರುಗಿ ನೀರೆತ್ತುವ ಎಂಜಿನ್ ಕೂರಿಸುತ್ತಿದ್ದ. ಅವನದೊಂದು ಪದ್ಧತಿ ಇತ್ತು. ಹೊಸ ಯಂತ್ರದಲ್ಲಿ ಎರಡು ಭಾಗ ಕೂಡುವ ಜಾಗಕ್ಕೆ ಮೊದಲು ಹಸಿ ಕುಂಕುಮ ಹಚ್ಚಬೇಕು, ಆಮೇಲೆ ಬೋಲ್ಟ್ ಬಿಗಿಯಬೇಕು. ಮೇಲೆ ಹಚ್ಚಿದ್ದು ಮಂದಿಗೆ, ಒಳಗೆ ಹಚ್ಚಿದ್ದು ದೇವರಿಗೆ ಎನ್ನುತ್ತಿದ್ದ. ಎಂಜಿನ್ನು, ಪಂಪು, ಲ್ಯಾಬಿನ ರೋಲರ್, ಎಲ್ಲದಕ್ಕೂ ನಾನು ಹಾಗೇ ಮಾಡಿದವನು. ಯಾವುದೂ ಕೈಕೊಟ್ಟಿರಲಿಲ್ಲ. ಆವತ್ತೂ ಪೂಜೆಯ ತಟ್ಟೆ ಪಕ್ಕದಲ್ಲೇ ಇತ್ತು. ಕುಂಕುಮಕ್ಕೆ ನೀರು ಹನಿಸಿ, ಕಾರ್ಡು ಕಂಪ್ಯೂಟರಿಗೆ ಕೂಡುವ ಜಾಗ ಯಾವುದೆಂದು ನೋಡಿದೆ. ಬಂಗಾರದ ಹಲ್ಲುಗಳೇ. ಬೆರಳಿನಿಂದ ಉದ್ದಕ್ಕೂ ಎಳೆದೆ.

ಜವಾನ ನೋಡಿ, “ಏನ್ ಕಾಕಾ, ಕಂಪ್ಯೂಟರಿಗೆ ಉಡಿ ತುಂಬಾಕತ್ತೀರೇನು?” ಎಂದ.

“ನಿನ್ನಂಥವಗ ತಿಳಿಯಂಗಿಲ್ಲ, ಹೋಗು, ಕಾಯಿ ತಗೊಂಡ್ ಬಾ” ಎಂದೆ. ಕಾರ್ಡನ್ನು ಸೀಳಿಗಿಟ್ಟು ಹೆಬ್ಬೆರಳಿನಿಂದ ಒತ್ತಿದೆ, ಸ್ಕ್ರೂ ಬಿಗಿದೆ, ಮುಚ್ಚಳ ಹಾಕಿದೆ.

ಹುಡುಗಿ ತಾಯಿಯನ್ನು ಕರೆದುಕೊಂಡು ಬಂದಳು. ತಾಯಿಯ ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು. “ಮಗಳ ಕೆಲಸದ ಜಾಗದಾಗ ಹೊಸ ಮಷೀನ್ ಅಂತ ರೀ. ಬರಿಗೈಲೆ ಹ್ಯಾಂಗ ಬರೂದು?” ಎಂದಳು. ನಾನು ಇಸಿದುಕೊಂಡೆ. ತಟ್ಟೆಯಲ್ಲಿ ಜಾಗವಿತ್ತು. ಆದರೂ ಆ ಹಣ್ಣನ್ನು ಕಿಟಕಿಯಲ್ಲಿಟ್ಟೆ. ಯಾಕೆ ಇಟ್ಟೆನೆಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಸಾಹೇಬರು ಬಂದರು. ಕಾಯಿ ಒಡೆದು ಕಂಪ್ಯೂಟರ್ ಹಚ್ಚಿದೆವು. ಹುಡುಗಿ ಕಾರ್ಡಿನ ಜೊತೆ ಬಂದಿದ್ದ ಸಿಡಿ ಹಾಕಿದಳು. ಪರದೆಯ ಮೇಲೆ ಕಾರ್ಡ್ ಇಲ್ಲ ಎಂಬ ಇಂಗ್ಲಿಷ್ ಸಾಲು ಬಂತು. ಆರಿಸಿ ಹಚ್ಚಿದರೂ ಅದೇ ಸಾಲು. ಸಾಹೇಬರ ಮುಖ ಬಿಳಿಚಿತು. ಅದನ್ನು ತರಿಸಲು ಅವರು ಎಷ್ಟು ಆಫೀಸು ಅಲೆದಿದ್ದರೆಂದು ನಮಗೆಲ್ಲ ಗೊತ್ತಿತ್ತು.

“ಏನಾತು? ಯಾರ್ ಹಿಡಿದಿದ್ರಿ ಅದನ್ನ?” ಎಂದು ಕೇಳಿದರು.

ಕಾರ್ಡ್ ಮಾರಿದ ಕಂಪನಿಯವನು ಹಿಂದೊಮ್ಮೆ ಫೋನಿನಲ್ಲಿ ಸಾಹೇಬರಿಗೂ ನನಗೂ ಒಂದು ಮಾತು ಹೇಳಿದ್ದ. ಸಿಂಥೆಟಿಕ್ ಬಟ್ಟೆ ತೊಟ್ಟು ಕಾರ್ಡ್ ಮುಟ್ಟಬೇಡಿ, ಬಟ್ಟೆಯ ತಿಕ್ಕಾಟಕ್ಕೆ ಹುಟ್ಟುವ ಕರೆಂಟಿಗೆ ಅದು ಸತ್ತೇ ಹೋಗುತ್ತದೆ ಎಂದು. ನನ್ನ ಬೆರಳಿನ ತುದಿ ಇನ್ನೂ ಕೆಂಪಗಿತ್ತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಾನು ಹೇಳಿದೆ: “ಚೀಲದಿಂದ ತೆಗೆದಾಕಿ ಈ ತಂಗಿ ರೀ. ಸೀರಿ ಸಿಂಥೆಟಿಕ್ ಅದ.”

ಹುಡುಗಿ, “ನಾ ಡಬ್ಬಿ ಮುಟ್ಟೇ ತೆಗದೀನಿ ಸರ್” ಎಂದಳು. ಸಾಹೇಬರು ಕೇಳಿಸಿಕೊಳ್ಳಲಿಲ್ಲ, ಆ ಹೊಸ ನೀಲಿ ಸೀರೆಯನ್ನೇ ನೋಡುತ್ತಿದ್ದರು. ಬಾಗಿಲ ಬಳಿ ನಿಂತಿದ್ದ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಸೀರಿ ನಾ ಕೊಡಿಸೀನ್ರಿ. ಇವತ್ತ ಉಟ್ಕೋ ಅಂತ ನಾನೇ ಅಂದೀನ್ರಿ” ಎಂದಳು.

ಆ ರಾತ್ರಿ ನಾನು ಸರಿಯಾಗಿ ಉಣ್ಣಲಿಲ್ಲ. ಅವಳ ಬಗ್ಗೆ ಯೋಚಿಸಿ ಅಲ್ಲ, ಸುಳ್ಳು ಹೇಳಬಾರದು. ಕಾರ್ಡ್ ಬಿಚ್ಚಿ ನೋಡಲು ಕಂಪನಿಯವನು ಹೈದರಾಬಾದಿನಿಂದ ಬರುತ್ತಾನೆ, ಬಂದರೆ ಕುಂಕುಮ ಕಾಣುತ್ತದೆ ಎಂಬ ಹೆದರಿಕೆಗೆ.

ಮರುದಿನ ಎಲ್ಲರೂ ಊಟಕ್ಕೆ ಹೋದಾಗ ಮುಚ್ಚಳ ತೆಗೆದೆ. ಕಾರ್ಡನ್ನು ಹೊರಗೆಳೆದೆ. ಹಲ್ಲುಗಳ ಮೇಲೆ ಕುಂಕುಮ ಒಣಗಿ, ಎಲೆ ಅಡಿಕೆ ತಿಂದವನ ಬಾಯಿಯ ಹಾಗೆ ಕೂತಿತ್ತು. ಹಳೆಯ ರೇಡಿಯೋ ರಿಪೇರಿಯವರು ಕಿಲುಬು ತೆಗೆಯಲು ಪೆನ್ಸಿಲ್ ಅಳಿಸುವ ರಬ್ಬರ್ ಹಾಕಿ ತಿಕ್ಕುವುದನ್ನು ನೋಡಿದ್ದೆ. ಮೇಜಿನ ಮೇಲೆ ಹುಡುಗಿಯದೇ ರಬ್ಬರ್ ಇತ್ತು. ಮೆಲ್ಲಗೆ ತಿಕ್ಕಿದೆ, ಊದಿದೆ, ಸಣ್ಣ ಬ್ರಷ್‌ನಿಂದ ಸೀಳಿನ ಒಳಗೂ ಝಾಡಿಸಿದೆ. ಬಂಗಾರ ಹೊಳೆಯಿತು. ಮತ್ತೆ ಕೂರಿಸಿ ಒತ್ತಿದಾಗ, ನಿನ್ನೆ ಕೇಳದಿದ್ದ ಟಕ್ ಎನ್ನುವ ಸದ್ದು ಕೇಳಿತು.

ಊಟ ಮುಗಿಸಿ ಬಂದ ಸಾಹೇಬರ ಎದುರು ಕಂಪ್ಯೂಟರ್ ಹಚ್ಚಿದೆ. ಕಾರ್ಡ್ ಸಿಕ್ಕಿತು. ರೋಲರ್ ತಿರುಗಿಸಿ ಒಂದು ಹಿಡಿ ತೊಗರಿ ಸುರಿದೆವು. ಪರದೆಯ ಮೇಲೆ ಒಂದು ಕಾಳು ಬಂತು, ತೇಲಿದಂತೆ ಇಳಿಯಿತು, ಅದರ ಸಿಪ್ಪೆ ಮೊದಲು ಒಂದು ಮೂಲೆಯಲ್ಲಿ ಬಿರಿಯಿತು, ಆಮೇಲೆ ನಡುವೆ ಗೆರೆ ಮೂಡಿ ಎರಡು ಹಳದಿ ಹೋಳು ಬೇರೆಯಾದವು. ಜೀವನವಿಡೀ ಬೇಳೆ ಉಂಡ ನಾವು ಅದನ್ನು ಮೊದಲ ಸಲ ನೋಡಿದ್ದೆವು. ಸಾಹೇಬರು ಕುರ್ಚಿಯಲ್ಲಿ ಕುಸಿದು, “ಯಪ್ಪಾ, ಉಳಿದ್ವಿ” ಎಂದರು. ನನಗೆ ಎದೆಯ ಮೇಲಿನ ಬೀಸುಕಲ್ಲು ಇಳಿಸಿದ ಹಾಗಾಯಿತು. ಹುಡುಗಿ ಹಿಂದೆ ನಿಂತು ಚಪ್ಪಾಳೆ ತಟ್ಟಿದಳು.

“ಏನ್ ಮಾಡಿದ್ರಿ?” ಎಂದರು ಸಾಹೇಬರು.

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಸಾಹೇಬರು ನಗುತ್ತಿದ್ದರು, ಬೈದರೂ ನಗುತ್ತಲೇ ಬೈಯುತ್ತಿದ್ದರು. ನಾನು, “ತೆಗದು ಹಾಕೀನ್ರಿ. ಸೀರಿ ಕರೆಂಟ್ ಇಳಿದಿರಬೇಕು” ಎಂದೆ.

“ಹಂಗಾದ್ರ ಇನ್ನ ಮ್ಯಾಲೆ ತಂಗಿ ಕ್ಯಾಮೆರಾದ ಹತ್ರ ಬರೂದು ಬ್ಯಾಡ” ಎಂದರು ಅವರು.

ಅವಳ ನೌಕರಿ ಹೋಗಲಿಲ್ಲ. ಕಮಲಾಪುರದಲ್ಲಿ ನಮ್ಮ ಲ್ಯಾಬಿಗೆ ಬೇಳೆಯ ಮಾದರಿ ಕೊಡುವ ಒಂದು ಮಿಲ್ಲಿತ್ತು. ನುಚ್ಚು ಆರಿಸಿ ತೂಗುವ ಕೆಲಸಕ್ಕೆ ಅವಳನ್ನು ಅಲ್ಲಿಗೆ ಕಳಿಸಿದರು. ಮನೆಗೆ ಹತ್ತಿರವಾಯಿತು ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಕ್ಯಾಮೆರಾ ನಡೆಸಲು ಬೇರೆಯವರು ಬಂದರು. ಕಿಟಕಿಯಲ್ಲಿದ್ದ ಹಣ್ಣುಗಳು ಕಪ್ಪಾಗಿದ್ದವು. ಜವಾನ ಆಡಿಗೆ ಹಾಕಿದ.

ವರ್ಷಗಳು ಕಳೆದವು. ನೌಕರಿ ಮುಗಿಯುವ ಮುಂಚೆ ಮಿಲ್ಲಿನ ರೋಲರ್ ನೋಡಲು ನನ್ನನ್ನೊಮ್ಮೆ ಕಮಲಾಪುರಕ್ಕೆ ಕಳಿಸಿದರು. ಹುಡುಗಿ ಆಗಲೇ ಆ ಕೆಲಸ ಬಿಟ್ಟು, ಬಸ್‌ಸ್ಟ್ಯಾಂಡಿನ ಹತ್ತಿರ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಸ್ವಂತ ಕ್ಲಾಸ್ ಇಟ್ಟಿದ್ದಳು. ಹಿಂದೆಯೇ ಮನೆ. ನಾನು ಹೋದಾಗ ಒಂದು ಹಳೇ ಕಂಪ್ಯೂಟರಿನ ಮುಚ್ಚಳ ತೆಗೆದು ಕೂತಿದ್ದಳು. ಕೈಯಲ್ಲಿ ಪೆನ್ಸಿಲ್ ರಬ್ಬರ್!

“ಬರ್ರಿ ಕಾಕಾ. ನಿಮ್ಮ ವಿದ್ಯೆನೇ ನಡಸಾಕತ್ತೀನಿ” ಎಂದಳು.

ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಕುಂಕುಮ, ಬೆನ್ನ ಹಿಂದೆ ಕಟ್ಟಿದ ಕೈ, ಸೀರೆಯ ಮಾತು. ತಪ್ಪಾಯಿತು ತಂಗಿ ಎಂದೆ. ಅವಳು ರಬ್ಬರಿನ ಪುಡಿ ಊದಿದಳು.

“ನನಗ ಗೊತ್ತದ ರೀ. ಆವತ್ತ ಮೇಜ ಒರಸಿದಾಕಿ ನಾನೇ. ಪುಡಿ ಎಲ್ಲಾ ಕೆಂಪ ಇತ್ತು. ನನ್ನ ರಬ್ಬರ್ ಬ್ಯಾರೆ ಹಾಳ ಮಾಡಿದ್ರಿ.”

“ಮತ್ತ ಸಾಹೇಬರಿಗೆ ಯಾಕ ಹೇಳಲಿಲ್ಲ?”

“ನೀವು ಪರ್ಮನೆಂಟ್, ನಾ ತಾತ್ಪೂರ್ತಿಕ. ಯಾರ್ ಮಾತ ಕೇಳ್ತಿದ್ರು?” ಎಂದಳು. ರಬ್ಬರನ್ನು ಮೇಜಿನ ಮೇಲಿಟ್ಟು ನಕ್ಕಳು. “ಭಾಳ ದಿನ ನಿಮ್ಮ ಮ್ಯಾಲೆ ಸಿಟ್ಟಿತ್ರಿ. ಕ್ಲಾಸ್ ಇಟ್ಟ ಮ್ಯಾಲೆ ಹೋತು. ಕೂಡ್ರಿ, ಛಾ ಮಾಡ್ತೀನಿ. ಒಂದ್ ಕೆಲಸ ಮಾಡ್ರಿ, ಅವ್ವಗ ನೀವೇ ಹೇಳ್ರಿ. ನಾ ಹೇಳಿದ್ರ ನಂಬಂಗಿಲ್ಲ. ಅಷ್ಟ್ ದೊಡ್ಡ ಮನುಷ್ಯಾ ಹಂಗ್ಯಾಕ ಸುಳ್ಳ ಹೇಳ್ತಾರ ಅಂತಾಳ.”

ಅವಳು ಒಳಗೆ ಹೋದಳು. ನನಗೆ ಎಷ್ಟು ಹಗುರವಾಗಿತ್ತೆಂದರೆ ಕೂತ ಕುರ್ಚಿಯೂ ತಿಳಿಯಲಿಲ್ಲ. ಬೈಗುಳಕ್ಕೆ ತಯಾರಾಗಿ ಬಂದವನಿಗೆ ಛಾ ಸಿಗುತ್ತಿತ್ತು.

ತಾಯಿ ಹಿತ್ತಲಿನಿಂದ ಬಂದಳು. ಬೆನ್ನು ಬಾಗಿತ್ತು, ಆದರೆ ನನ್ನ ಗುರುತು ಸಿಕ್ಕಿತು. ನಾನು ಬಾಯಿ ತೆರೆಯುವ ಮೊದಲೇ ಎರಡೂ ಕೈ ಜೋಡಿಸಿದಳು.

“ಆವತ್ತ ನನ್ನ ಸೀರಿಯಿಂದ ನಿಮಗೆಲ್ಲಾ ತ್ರಾಸ ಆತ್ರಿ. ಆಕಿಗೂ ಆ ಕ್ಯಾಮೆರಾ ಕೆಲಸ ತಪ್ಪತು. ನಾ ಆ ಸೀರಿ ಮತ್ತ ಉಡಗೊಡಲಿಲ್ಲ. ತಿಳೀಲಿಲ್ರಿ ನಮಗ, ತಪ್ಪಾತು, ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ.”

ಮಗಳ ಮುಂದೆ ಅಷ್ಟು ಸಲೀಸಾಗಿ ಹೇಳಿದ್ದನ್ನು ತಾಯಿಯ ಮುಂದೆ ನುಂಗಿಕೊಂಡೆ. ನಾನು ಏನು ಹೇಳಿದೆ ಗೊತ್ತೆ? “ಇರಲಿ ಬಿಡವ್ವಾ” ಎಂದೆ. ದೊಡ್ಡ ಮನುಷ್ಯನ ಹಾಗೆ ಅವಳನ್ನು ಕ್ಷಮಿಸಿದೆ. ಅವಳ ಮುಖ ಅರಳಿತು. ಹಿತ್ತಲಿಗೆ ಹೋಗಿ ಕೆಂಪು ಬಾಳೆಹಣ್ಣು ತಂದುಕೊಟ್ಟಳು. ಅಲ್ಲೇ, ಅವಳ ಕಣ್ಣೆದುರಿಗೇ ಒಂದು ಸುಲಿದು ತಿಂದೆ. ನನ್ನಿಂದ ಆದದ್ದು ಅಷ್ಟೇ.

ಮಗಳು ಕ್ಷಮಿಸಿದ್ದಾಳೆ. ಆ ನೆಮ್ಮದಿಯಲ್ಲೇ ಇಷ್ಟು ವರ್ಷ ನಿದ್ದೆ ಮಾಡಿದ್ದೇನೆ, ಸುಳ್ಳಲ್ಲ. ಇವತ್ತು ಬರೆದ ಮೇಲೆ ಇನ್ನಷ್ಟು ಹಗುರಾಗಿದ್ದೇನೆ. ಆದರೆ ಹೆಸರು ಹಿಡಿದು ಕರೆಯುವಷ್ಟು ಪರಿಚಯವೂ ಮಾಡಿಕೊಳ್ಳದೆ, ನಾನು ಕ್ಷಮೆ ಕೇಳದೆ ಬಂದದ್ದು ಒಬ್ಬಳಿಗೇ: ಮಗಳಿಗೆ ನೀಲಿ ಸೀರೆ ಕೊಡಿಸಿದ ಆ ತಾಯಿಗೆ.