ಹೊಸ ಕಾರಿಗೆ ಹಳೇ ಹೆಸರು

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆಯೇ ಯಾರಾದರೂ ಫೋನ್ ಮಾಡಿ ಎಳನೀರಿನ ಗೊನೆ ಸಾಗಿಸಲಿಕ್ಕೆ ಕಾರು ಕೇಳುತ್ತಾರೆ, ತಮ್ಮ ನನ್ನ ಮೇಲೆ ಹರಿಹಾಯುತ್ತಾನೆ.

ನಮ್ಮ ಕಡೆ ಬಸ್ಸಿರಲಿ ಟ್ಯಾಕ್ಸಿಯಿರಲಿ, ಎದುರಿನ ಗಾಜಿನ ನೆತ್ತಿಯಲ್ಲಿ ಒಂದು ಹೆಸರು ಇರಲೇಬೇಕು. ನಂಬರನ್ನು ಪೊಲೀಸರು ನೋಡುತ್ತಾರೆ, ಜನ ಹೆಸರು ನೋಡುತ್ತಾರೆ. ಅಪ್ಪಯ್ಯನ ದುಂಡು ಕಾರಿಗೂ ಕೆಂಪು ಬಣ್ಣದಲ್ಲಿ ಬರೆದ ಹೆಸರೊಂದಿತ್ತು. ತೊಂಬತ್ತೇಳರ ಹೊತ್ತಿಗೆ ಕಿರಿಮಂಜೇಶ್ವರದಿಂದ ಬೈಂದೂರಿನವರೆಗೆ ಅದು ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಶಾಲೆಯಲ್ಲಿ ನನ್ನನ್ನೂ ಅದೇ ಹೆಸರಿನಿಂದ ಕರೆಯುತ್ತಿದ್ದರು. ಟ್ಯಾಕ್ಸಿಯ ಹೆಸರಿನ ಹುಡುಗಿಗೆ ಗಂಡು ಎಲ್ಲಿಂದ ತರುವುದು ಎಂಬುದು ಅಮ್ಮನ ಚಿಂತೆ. ಕೊನೆಗೆ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದದ್ದೂ ಅದೇ ಕಾರಿನಲ್ಲಿ, ಬಾಡಿಗೆ ಕೊಟ್ಟು.

ಅಪ್ಪಯ್ಯ ತಾವೇ ಹಾಕಿಕೊಂಡ ಕಟ್ಟಳೆಯೊಂದಿತ್ತು. ಊರಿನ ಹೆಣ್ಣುಮಕ್ಕಳು ಕುಂದಾಪುರದ ಆಸ್ಪತ್ರೆಯಲ್ಲಿ ಹೆತ್ತರೆ, ಬಾಣಂತಿಯನ್ನೂ ಮಗುವನ್ನೂ ಮನೆ ಮುಟ್ಟಿಸುವುದು ಆ ಕಾರೇ. ಬಾಡಿಗೆ ಇಲ್ಲ, ಇಳಿಯುವಾಗ ಒಂದು ತೆಂಗಿನಕಾಯಿ ಕೊಟ್ಟರೆ ಮುಗಿಯಿತು. ಅಮ್ಮ ಗೊಣಗಿದರೆ ಅಪ್ಪಯ್ಯ, "ಮಗು ಮೊದಲ್ನೇ ಸಲ ಊರಿಗೆ ಬಪ್ಪುದು ಮಾರಾಯ್ತಿ. ಅದ್ರ ಹತ್ರ ಬಾಡ್ಗಿ ಕೇಂಬುದಾ?" ಎನ್ನುತ್ತಿದ್ದರು. ಆಮೇಲೆ ಬೆನ್ನುನೋವು ಹಿಡಿದು ಸ್ಟೇರಿಂಗ್ ಬಿಟ್ಟರು. ಕಾರು ಹಾಲಾಡಿಯ ಗುಜರಿಗೆ ಹೋಯಿತು, ಕೆಲವು ವರ್ಷಗಳಲ್ಲಿ ಅಪ್ಪಯ್ಯನೂ ಹೋದರು. ಹೆಸರು ಮಾತ್ರ ಯಾರಿಗೂ ಬೇಡವಾಗಿ ನಮ್ಮ ಮನೆಯಲ್ಲೇ ಉಳಿಯಿತು.

ಎರಡು ಸಾವಿರದ ಹತ್ತು ದಾಟಿದ ಮೇಲೆ ತಮ್ಮ ಕಾರು ತಂದ. ಅವನಿಗೆ ಬೈಂದೂರಿನಲ್ಲಿ ಮೊಬೈಲ್ ಅಂಗಡಿ; ಆದರೂ ಊರಿಗೆಲ್ಲ ಅವನು "ಟ್ಯಾಕ್ಸಿಯವ್ರ ಮಾಣಿ"ಯೇ. ಅದು ಅವನಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಹಾಗಾಗಿ ತಂದದ್ದು ಉದ್ದನೆಯ ಬಿಳಿ ಕಾರು, ಒಳಗೆ ಕೆನೆಬಣ್ಣದ ಸೀಟು, ಮದುವೆ ದಿಬ್ಬಣಕ್ಕೆ ಮತ್ತು ದೊಡ್ಡ ಮನುಷ್ಯರಿಗೆ ಮಾತ್ರ. ಇನ್ನು ಮೇಲೆ ಎಲ್ಲರೂ ತನ್ನನ್ನು ಓನರ್ ಎನ್ನಬೇಕು ಎಂಬುದು ಅವನ ಆಸೆ. ಗಾಜಿನ ಮೇಲೆ ಇಂಗ್ಲಿಷಿನ ಯಾವುದೋ ಹೆಸರು ಅಂಟಿಸಿದ. ನಾಯಿಯೂ ಮೂಸಲಿಲ್ಲ.

"ಅಪ್ಪಯ್ಯನ ಕಾರಿನ ಹೆಸ್ರ್ ಹಾಕ್, ಕಾಂಬ," ಎಂದಳು ಅಮ್ಮ.

ಹಾಕಿದ. ಬ್ರಹ್ಮಾವರದ ಸ್ಟಿಕ್ಕರ್ ಅಂಗಡಿಯಲ್ಲಿ ಬಂಗಾರದ ಬಣ್ಣದ ಅಕ್ಷರ ಕೊರೆಸಿದ. ವಾರದೊಳಗೆ ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ಆದರೆ ಎಂತೆಂಥ ಫೋನು! ಒಬ್ಬರಿಗೆ ಭತ್ತವನ್ನು ಮಿಲ್ಲಿಗೆ ಒಯ್ಯಬೇಕು. ಇನ್ನೊಬ್ಬರಿಗೆ ಅಜ್ಜನ ಹಲ್ಲು ಕೀಳಿಸಬೇಕು. ಮೀನು ಮಾರುವ ಅಕ್ಕನಂತೂ ಕೈ ಅಡ್ಡ ಹಾಕಿ ಕಾರು ನಿಲ್ಲಿಸಿ, ಬಂಗುಡೆಯ ಬುಟ್ಟಿಯನ್ನು ಡಿಕ್ಕಿಗೆ ಇಟ್ಟೇಬಿಟ್ಟಳು. "ಅಕ್ಕಾ, ಇದ್ ಬೇರೆ ಕಾರ್!" ಎಂದು ತಮ್ಮ ಕಿರುಚಿದರೆ, "ಹೌದಾ? ಚಂದ ಇತ್ತ್ ಮಗಾ," ಎಂದು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಳು. ನಾಲ್ಕು ದಿನ ಆ ಕಾರಿನಲ್ಲಿ ಊದುಬತ್ತಿ ಉರಿಯಿತು. ತವರಿಗೆ ಬಂದಿದ್ದ ನಾನು ಮೂಗು ಮುಚ್ಚಿಕೊಂಡು ನಕ್ಕೆ.

ಹೆಸರಿನಿಂದ ಒಂದು ಒಳ್ಳೆಯದೂ ಆಯಿತು. ಕೊಲ್ಲೂರಿನ ಲಾಡ್ಜೊಂದರ ಧಣಿ ಗಾಜಿನ ಮೇಲಿನ ಅಕ್ಷರ ಓದಿ, "ಆ ಹೆಸ್ರಾ? ಹಂಗಾರೆ ನಂಬ್ಕಿ ಇತ್ತ್," ಎಂದರು. ಕುಂದಾಪುರಕ್ಕೆ ರೈಲಿನಲ್ಲಿ ಬರುವ ಗಂಡ ಹೆಂಡತಿಯನ್ನು ಮಧ್ಯಾಹ್ನದ ಪೂಜೆಗೆ ಮುಂಚೆ ಕೊಲ್ಲೂರು ಮುಟ್ಟಿಸಿದರೆ, ಮುಂದೆ ಲಾಡ್ಜಿನ ದೊಡ್ಡ ಅತಿಥಿಗಳೆಲ್ಲ ತಮ್ಮನ ಕಾರಿಗೇ. ಅವನಿಗೆ ಬೇಕಾಗಿದ್ದದ್ದು ಇದೇ. ಹಿಂದಿನ ದಿನವಿಡೀ ಕಾರು ತೊಳೆದ. ಬರುವವರಲ್ಲಿ ಹೆಂಗಸೂ ಇದ್ದಾರೆಂದು ನನ್ನನ್ನೂ ಹೊರಡಿಸಿದ. ಹೊರಡುವಾಗ ಅಮ್ಮ ನನಗೆ, "ರೈಲಗೆ ಬಪ್ಪ ಆ ಅಮ್ಮನಿಗೆ ಮಲ್ಲಿಗೆ ತಕೋ. ಆಸ್ಪತ್ರೆ ಎದ್ರಿನ ಅಂಗ್ಡಿಯಗೇ ತಕೋ, ಅಲ್ಲಿ ಹೂ ಲಾಯ್ಕ್," ಎಂದಳು.

ರೈಲಿಳಿದ ಅತಿಥಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು, ಆಸ್ಪತ್ರೆಯ ಎದುರು ನಾನು ಹೂ ಕೊಳ್ಳುತ್ತಿದ್ದೆ. ಹಿಂದಿನಿಂದ "ಹ್ವಾಯ್!" ಎಂಬ ಕೂಗು. ನಮ್ಮೂರಿನ ಮುದುಕಿಯೊಬ್ಬಳು, ಕಿವಿಗೆ ಬಟ್ಟೆ ಸುತ್ತಿಕೊಂಡ ಅವಳ ಮಗಳು, ಮಗಳ ಕೈಯಲ್ಲಿ ಹೊಸ ಕೂಸು. ಸುತ್ತ ಫ್ಲಾಸ್ಕು, ಚಾಪೆ, ಬಟ್ಟೆಯ ಗಂಟು. ತಮ್ಮ ಗಾಜು ಇಳಿಸಿದ.

"ಅಜ್ಜೀ, ಇವತ್ತ್ ಆತಿಲ್ಲೆ. ಪ್ಯಾಸೆಂಜರ್ ಇದ್ರ್."

"ಎಂತ ಆತಿಲ್ಲೆ? ನಿನ್ನೆ ಫೋನ್ ಮಾಡದ್ದಲ್ದಾ? ಕಾರ್ ಬತ್ತ್, ಹೂವಿನಂಗ್ಡಿ ಹತ್ರ ನಿಲ್ಲಿ ಅಂತ ನಿಮ್ಮಮ್ಮನೇ ಹೇಳದ್ದ್."

ನನ್ನ ಕೈಯಲ್ಲಿದ್ದ ಮಲ್ಲಿಗೆಯ ಗುಟ್ಟು ಆಗ ತಿಳಿಯಿತು. ತಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ. ಹಿಂದಿನ ಸೀಟಿನ ಯಜಮಾನರು ಗಡಿಯಾರ ನೋಡಿಕೊಂಡರು. ಅವರಿಗೆ ಹೋಗಬೇಕಾದದ್ದು ಕೊಲ್ಲೂರು, ಕೂಸಿಗೆ ಕಿರಿಮಂಜೇಶ್ವರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

"ಇದ್ ಆ ಕಾರಲ್ಲ ಅಜ್ಜಿ, ಬರೀ ಹೆಸ್ರ್ ಮಾತ್ರ," ಎಂದ ತಮ್ಮ.

ಮುದುಕಿ ಸಿಟ್ಟಾಗಲಿಲ್ಲ. "ಹಂಗಾರೆ ಹೆಸ್ರ್ ತೆಗಿ ಮಗಾ. ನಾವ್ ರಿಕ್ಷದಗೆ ಹೋಪ," ಎಂದು ಗಂಟು ಎತ್ತಿಕೊಂಡಳು.

 ತಮ್ಮ ಇಳಿದು ಮುಂದಿನ ಬಾಗಿಲು ತೆಗೆದ. ಬಾಣಂತಿ ಮುಂದೆ ಕೂತಳು. ನಾನು, ಮುದುಕಿ, ಅತಿಥಿ ದಂಪತಿ ಹಿಂದೆ ಒತ್ತೊತ್ತಾಗಿ ಕೂತೆವು. ಯಜಮಾನರ ತೊಡೆಯ ಮೇಲೆ ಬಟ್ಟೆಯ ಗಂಟು, ಅದರ ಮೇಲೆ ಫ್ಲಾಸ್ಕು. ಅವರ ಹೆಂಡತಿ ಮಾತ್ರ ಮಗುವಿಗೆ ಯಾರ ಮೂಗು ಎಂದು ವಿಚಾರಿಸುತ್ತಾ ಖುಷಿಯಾಗಿದ್ದರು. ಮರವಂತೆ ದಾಟುವಾಗ ಕೂಸು ಕೆನೆಬಣ್ಣದ ಸೀಟಿಗೆ ಧಾರಾಳವಾಗಿ ಉಚ್ಚೆ ಹೊಯ್ಯಿತು. "ಶುಭ, ಶುಭ!" ಎಂದಳು ಮುದುಕಿ.

ಮನೆಯ ಮುಂದೆ ಇಳಿದು ಅವಳು ತೆಂಗಿನಕಾಯಿ ಚಾಚಿದಳು. ತಮ್ಮ ತಂಪು ಕನ್ನಡಕ ತೆಗೆದು, ಕಾಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡ. ಅಪ್ಪಯ್ಯ ಹಾಗೆಯೇ ಮಾಡುತ್ತಿದ್ದರು. ಇವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಅಳು ಬಂತು.

ಬೈಂದೂರಿನ ದಾರಿ ಹಿಡಿದು ಕೊಲ್ಲೂರು ಮುಟ್ಟುವಾಗ ಪೂಜೆ ಮುಗಿದಿತ್ತು. ಲಾಡ್ಜಿನ ಧಣಿ ನಮ್ಮೆದುರೇ ಬೇರೆ ಕಾರಿನವರಿಗೆ ಫೋನ್ ಮಾಡಿದರು.

ಮನೆಗೆ ಬಂದು ತಮ್ಮ ಅಮ್ಮನ ಮೇಲೆ ರೇಗಾಡಿದ. ಅಮ್ಮ ಬಸಳೆ ಹೆಚ್ಚುತ್ತಲೇ ಇದ್ದಳು. "ಹೆಸ್ರ್ ಬೇಕ್, ಹೆಸ್ರಿನ ಕೆಲ್ಸ ಬೇಡ ಅಂದ್ರೆ ಹ್ಯಾಂಗ್ ಮಾಣಿ?" ಎಂದಳು ಅಷ್ಟೆ. ಅವನು ಬ್ಲೇಡು ಹುಡುಕಿಕೊಂಡು ಅಂಗಳಕ್ಕಿಳಿದ. ಹೋಯಿತು ಅಪ್ಪಯ್ಯನ ಹೆಸರು ಎಂದು ನಾನು ಹಿಂದೆಯೇ ಓಡಿದೆ.

ಗಾಜಿನಲ್ಲಿ ಹೆಸರಿನ ಕೆಳಗೆ, ಅವನೇ ಆಸೆಪಟ್ಟು ಹಾಕಿಸಿದ್ದ ಚಿಕ್ಕ ಅಕ್ಷರದ ಇನ್ನೊಂದು ಸಾಲಿತ್ತು: "ಪ್ರೀಮಿಯಂ". ತಮ್ಮ ಅದನ್ನು ಮಾತ್ರ ನಾಜೂಕಾಗಿ ಕೆರೆದು ತೆಗೆಯುತ್ತಿದ್ದ.