ಹಳದೀಪುರದಲ್ಲಿ ರೋಮಿನ ಕಮಾನು

ಮಾಬ್ಲೇಶ್ವರ ಹುಟ್ಟಿದಾರಭ್ಯ ಕಟ್ಟಿದ್ದೆಲ್ಲ ಮರುದಿನ ಕಸವಾಗುವ ವಸ್ತು. ಮದುವೆಯ ಮಂಟಪ, ಗಣೇಶೋತ್ಸವದ ಕೈಲಾಸ, ಶಾಲೆಯ ಗ್ಯಾದರಿಂಗಿಗೆ ಕೆಂಪುಕೋಟೆ, ಎಲ್ಲ ಥರ್ಮಾಕೋಲು, ಬಟ್ಟೆ, ಬಣ್ಣ. ಹೊನ್ನಾವರದಿಂದ ಕುಮಟೆಯವರೆಗೆ ಅವನ ಮಂಟಪದಲ್ಲಿ ಮಾಲೆ ಹಾಕಿಕೊಂಡವರಿಗೆ ಲೆಕ್ಕವಿಲ್ಲ. ಆ ಮಂಟಪಗಳೆಲ್ಲ ಈಗ ಎಲ್ಲಿ ಎಂದು ಕೇಳಿದರೆ, "ಎಂತ ಕೇಳ್ತೀ, ಗುಜರಿಯವ್ನೂ ಮುಟ್ಟೂದಿಲ್ಲ ಮಾರಾಯಾ" ಎಂದು ನಗುತ್ತಿದ್ದ. ನಗುವಾಗ ಸ್ವಲ್ಪ ನೋವೂ ಇರುತ್ತಿತ್ತು.

ಹಾಗಾಗಿ ಹಳದೀಪುರದ ಹೆದ್ದಾರಿಯಿಂದ ನಮ್ಮ ದೇವಿಗುಡಿಗೆ ತಿರುಗುವಲ್ಲಿ ಸಿಮೆಂಟಿನ ಸ್ವಾಗತ ಕಮಾನು ಕಟ್ಟುವ ಕೆಲಸ ಸಿಕ್ಕಾಗ ಅವನ ಕಾಲು ನೆಲದ ಮೇಲಿರಲಿಲ್ಲ. ಗುಡಿಯ ಕಮಿಟಿಯಲ್ಲಿ ನಾನೂ ಒಬ್ಬ. ಕಾರ್ಯದರ್ಶಿ ಶ್ರೀಕೃಷ್ಣ ಭಟ್ಕಳದಾಚೆ ಹೋದವನಲ್ಲ, ಆದರೆ ಮೊಬೈಲಿನಲ್ಲಿ ಅವನು ಸುತ್ತದ ದೇಶವಿಲ್ಲ. ಒಂದು ಫೋಟೊ ತೋರಿಸಿದ. "ರೋಮಿಂದು. ಸಾವಿರಾರು ವರ್ಷ ಆದ್ರೂ ಅಲ್ಲಾಡ್ಲಿಲ್ಲ. ನಮ್ದೂ ಹಂಗೇ ಇರ್ಬೇಕು."

ಕಮಾನೇನೋ ಗಟ್ಟಿಯಾಗಿತ್ತು. ಅದರ ಮುಂದಿನ ದೊಡ್ಡ ಚೌಕದಲ್ಲಿ ಮಾತ್ರ ಮುರಿದ ಕಂಬಗಳು, ಉರುಳಿದ ಕಲ್ಲುಗಳು, ನಡುವೆ ಹುಲ್ಲು. ಮಾಬ್ಲೇಶ್ವರ ಗಾಬರಿಯಾಗಿ, "ಇಷ್ಟು ದೊಡ್ಡ ಪೇಟೆ ಹಾಳು ಬಿದ್ದದಲ್ಲ! ಅಲ್ಲಿ ಕಮಿಟಿ ಇಲ್ಲ ಕಾಣ್ತದೆ" ಎಂದ. ನಾವೆಲ್ಲ ನಕ್ಕೆವು.

ಕಮಾನಿನ ಒಳಮೈಯ ಕೆತ್ತನೆಯನ್ನು ದೊಡ್ಡದು ಮಾಡಿ ನೋಡಿದೆವು. ತಲೆಗೆ ಎಲೆಯ ದಂಡೆ ಕಟ್ಟಿಕೊಂಡ ಗಂಡಸರು ಹೆಗಲ ಮೇಲೆ ಅಡ್ಡೆ ಹೊತ್ತಿದ್ದಾರೆ. ಅಡ್ಡೆಯ ಮೇಲೆ ಏಳು ಕವಲಿನ ದೀಪ. ಜೊತೆಗೆ ಕಹಳೆಗಳು. ನಮ್ಮ ಕಣ್ಣಿಗೆ ಇನ್ನೇನು ಕಾಣಬೇಕು? ಮಾಬ್ಲೇಶ್ವರ ಕೈಮುಗಿದೇಬಿಟ್ಟ. "ಪಲ್ಲಕ್ಕಿ ಉತ್ಸವ! ಅಲ್ಲೂ ನಮ್ಮಂಗೇ ಮಾಡ್ತ್ರು!"

ಅವನ ಅಪ್ಪ ಹೊನ್ನಪ್ಪ ಸಾಯುವವರೆಗೂ ನಮ್ಮ ದೇವಿಯ ಪಲ್ಲಕ್ಕಿಯ ಮುಂದೆ ದೀವಟಿಗೆ ಹಿಡಿದವನು. ಅವನದೊಂದು ಫೋಟೊ ಕೂಡ ಮನೆಯಲ್ಲಿಲ್ಲ. ಮಾಬ್ಲೇಶ್ವರ ಆ ಕೆತ್ತನೆಯನ್ನು ಸಿಮೆಂಟಿನ ಫಲಕದಲ್ಲಿ ಹಾಗೆಯೇ ಇಳಿಸಿದ. ದೀಪ ಹೊತ್ತ ಮೊದಲನೆಯವನಿಗೆ ಮಾತ್ರ ಅಪ್ಪನ ಮುಖ ಕೊಟ್ಟ. ಉದ್ದ ಮೂಗು, ಒಳಗೆ ಹೋದ ಕೆನ್ನೆ, ಹೊನ್ನಪ್ಪ ಎದ್ದು ಬಂದಂತಿತ್ತು. ಫಲಕವನ್ನು ಬಲಗಂಬದ ಒಳಮೈಗೆ ಬೋಲ್ಟು ಹಾಕಿ ಕೂರಿಸಿದರು. ಎಡಗಂಬಕ್ಕೆ ಅಷ್ಟೇ ಅಳತೆಯ ಕಮಲದ ಫಲಕ.

ಉದ್ಘಾಟನೆಯ ಹಿಂದಿನ ದಿನ ಶಾಂಭವಿ ಅಕ್ಕೋರು ಬಸ್ಸಿಳಿದರು. ಕುಮಟೆಯ ಕಾಲೇಜಿನಲ್ಲಿ ಚರಿತ್ರೆ ಕಲಿಸುವವರು, ಹೋದ ಬೇಸಿಗೆಯಲ್ಲಿ ರೋಮಿಗೆ ಹೋಗಿ ಬಂದವರು. ಫಲಕದ ಮುಂದೆ ನಿಂತವರು ನಿಂತೇ ಉಳಿದರು.

"ಮಾಬ್ಲೇಶ್ವರಣ್ಣಾ, ಇದು ಎಂತ ಹೇಳಿ ಗೊತ್ತಿದ್ಯ ನಿಮಗೆ?"

"ಉತ್ಸವ ಅಲ್ದ ಅಕ್ಕೋರೆ?"

"ಅಲ್ಲ. ರೋಮಿನ ಸೈನ್ಯ ಜೆರುಸಲೇಮಿನ ದೇವಸ್ಥಾನ ಸುಟ್ಟು, ಅಲ್ಲಿಯ ದೀಪ, ಕಹಳೆ ದೋಚಿ ಒಯ್ತಾ ಇದ್ದದ್ದು. ಇವರೆಲ್ಲ ಗೆದ್ದವರ ಕಡೆಯವರು. ಊರಿಗೆ ಊರೇ ನಿಂತು ಇದನ್ನ ನೋಡಿ ಕೇಕೆ ಹಾಕಿತ್ತು."

ದೇವರ ದೀಪವನ್ನು ಕದ್ದು, ಕಹಳೆಯನ್ನೂ ಕದ್ದು, ಮೆರವಣಿಗೆ ಮಾಡಿ, ಮೇಲಿಂದ ಅದನ್ನು ಕಲ್ಲಿನಲ್ಲಿ ಕೆತ್ತಿಸಿಕೊಳ್ಳುವವರೂ ಇರುತ್ತಾರೆಯೇ? ನಮ್ಮೂರ ಕಳ್ಳರು ಕದ್ದರೆ ಮುಖ ಮುಚ್ಚಿಕೊಳ್ಳುತ್ತಾರಪ್ಪ. ಮಾಬ್ಲೇಶ್ವರನ ಮೋರೆ ಬೂದಿಯಾಗಿತ್ತು. ಅವನು ಅಪ್ಪನ ಮುಖದ ಮೇಲೆ ಕೈಯಿಟ್ಟ.

"ಅಕ್ಕೋರೆ, ಅದ್ರಲ್ಲಿ ನಮ್ಮ ಅಪ್ಪ ಇದ್ದಾನಲ್ಲ."

ಶ್ರೀಕೃಷ್ಣ ಕೂಗಾಡತೊಡಗಿದ. "ಗುಡಿ ಬಾಗಿಲಿಗೆ ಗುಡಿ ದೋಚಿದವ್ರ ಮೂರ್ತಿಯ? ಈಗಿಂದೀಗ ಒಡೆದು ಹಾಕು!" ಫೋಟೊ ತಂದವನು ತಾನೇ ಎಂಬುದು ಪುಣ್ಯಾತ್ಮನಿಗೆ ಮರೆತೇ ಹೋಗಿತ್ತು.

ಮಾಬ್ಲೇಶ್ವರ ಸುತ್ತಿಗೆ, ಉಳಿ ತಂದ. ಕೊನೆಯವನ ತಲೆಯ ದಂಡೆಗೆ ಒಂದು ಪೆಟ್ಟು ಹಾಕಿದ. ಚಕ್ಕೆ ಹಾರಿತು. ಅಪ್ಪನ ಮುಖದ ಹತ್ತಿರ ಬಂದಾಗ ಉಳಿ ಕೆಳಗಿಟ್ಟ. "ಸತ್ತವ್ನ ಕಳ್ಳ ಮಾಡ್ದೆ. ಈಗ ಕೊಲ್ಲೂದೂ ನಾನೇಯ?" ಎಂದು ಅಲ್ಲೇ ಕೂತುಬಿಟ್ಟ. ಅವನನ್ನು ನೋಡಲಾಗದೆ ನಾನು ಮುಖ ತಿರುಗಿಸಿದೆ.

ಗಲಾಟೆ ಕೇಳಿ ಅವನ ತಾಯಿ ದುರ್ಗಮ್ಮ ಬಂದಳು. ಫಲಕವನ್ನು ಅವಳು ನೋಡಿದ್ದು ಅದೇ ಮೊದಲು. ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಇದು ಇವ್ರಲ್ದ?"

ಶಾಂಭವಿ ಅಕ್ಕೋರೇ ಎಲ್ಲವನ್ನೂ ತಿಳಿಸಿ ಹೇಳಿದರು. ಮುದುಕಿ ಕೇಳಿಸಿಕೊಂಡು, "ಆ ದೀಪ ಆಮೇಲಾದ್ರೂ ಅವ್ರ ಗುಡಿಗೆ ಹೋತಾ?" ಎಂದಳು.

"ಇಲ್ಲ ದುರ್ಗಮ್ಮಾ. ಎಲ್ಲಿ ಹೋಯ್ತು ಹೇಳಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ."

ದುರ್ಗಮ್ಮ ಗಂಡನ ಕಾಲುಗಳನ್ನು ನೋಡಿದಳು, ಅವು ಹೊರಟ ದಿಕ್ಕನ್ನು ನೋಡಿದಳು. ಅವಳಿಗೆ ಸಿಟ್ಟು ಬಂತು. "ಮಾಬ್ಲಾ, ಇವ್ರ ಮೋರೆ ಹೆದ್ದಾರಿ ಬದಿಗೆ ಯಾಕೆ ಮಾಡ್ದೆ? ದೀಪ ತಿರುಗಿ ಗುಡಿಗೆ ಮುಟ್ಟಿಸ್ದೆ ಇವ್ರು ಒಂದು ದಿನ ಉಂಡವ್ರಲ್ಲ."

ಮಾಬ್ಲೇಶ್ವರ ತಲೆಯೆತ್ತಿದ. ಬಲಗಂಬ ನೋಡಿದ, ಎಡಗಂಬ ನೋಡಿದ. ಸುತ್ತಿಗೆ ಬಿಸಾಡಿ ಪಾನಾ ತಂದು ಬೋಲ್ಟು ಬಿಚ್ಚತೊಡಗಿದ. ನಾವು ನಾಲ್ಕೈದು ಜನ ಸೇರಿ ಕಮಲವನ್ನು ಬಲಕ್ಕೆ ತಂದೆವು, ಹೊನ್ನಪ್ಪನನ್ನು ಎಡಕ್ಕೆ ಒಯ್ದೆವು. ಶ್ರೀಕೃಷ್ಣನೂ ಕೊನೆಗೆ ಬಾಯಿ ಮುಚ್ಚಿ ಹೆಗಲು ಕೊಟ್ಟ. ಎದುರುಗಂಬಕ್ಕೆ ಕೂತದ್ದೇ ಮೆರವಣಿಗೆಯ ದಿಕ್ಕು ತಿರುಗಿತು. ಅದೇ ಜನ, ಅದೇ ಕಹಳೆ, ಅದೇ ದೀಪ, ಈಗ ಎಲ್ಲರೂ ಗುಡಿಯತ್ತ ನಡೆಯುತ್ತಿದ್ದರು.

ದುರ್ಗಮ್ಮ ಕಣ್ಣೊರೆಸಿಕೊಂಡು ಮನೆಯ ಕಡೆ ಹೊರಟಳು.

"ಎಲ್ಲಿಗೆ ಅಬ್ಬೆ?" ಎಂದು ಮಗ ಕೇಳಿದ.

"ಇವ್ರಿಗೆ ಒಂದು ಎಲೆ ಹಾಕ್ತೆ. ದೀಪ ಮುಟ್ಟಿಸಿ ಆತಲ್ಲ."